ಬೆಂಕಿ ರೇಖೆಯ ಹೇಳಿಕೆ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಊರಿಂದ ಹೊಳೆನರಸೀಪುರಕ್ಕೆ ನಡೆದು, ಅಲ್ಲಿಂದ ಹಾಸನಕ್ಕೆ ಬಸ್ಸಿನಲ್ಲಿ ನಿಂತುಕೊಂಡು, ಮೂರು ವರ್ಷ ಓಡಾಡಿ ಬಿ.ಎಸ್‌ಸಿ. ಮಾಡಿದೆ. ಅಪ್ಪ, ಅವ್ವ ಇಬ್ಬರೂ ಹೆಬ್ಬೆಟ್ಟು. ಕಾಲೇಜು ಸೇರುವ ದಿನ ಅರ್ಜಿಯ ಮೇಲೆ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡ ಗುಮಾಸ್ತ, ಶಾಯಿ ಒರೆಸಿಕೊಳ್ಳಲು ಅಪ್ಪನಿಗೆ ಪಕ್ಕದ ಗೋಡೆ ತೋರಿಸಿದ್ದ. ಆ ಗೋಡೆಯ ಮೇಲೆ ಆಗಲೇ ಬಹಳ ಬೆರಳುಗಳ ಗುರುತಿತ್ತು.

ಹೈಸ್ಕೂಲಿನಲ್ಲಿದ್ದಾಗಿನಿಂದಲೇ ಊರಿನ ಕಾಗದ ಪತ್ರವೆಲ್ಲ ನಮ್ಮ ಜಗಲಿಗೆ ಬರುತ್ತಿತ್ತು. ವಿಧವಾ ವೇತನದ ಅರ್ಜಿ, ಪಹಣಿ ತಿದ್ದುಪಡಿ, ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸುವುದು. ನಾನು ಬರೆಯುವೆ, ಅವರು ಒತ್ತುವರು. ‘ಬರ್ದಾಯ್ತಾ ಮಗ? ಎಲ್ಲೊತ್ತನ?’ ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ‘ಏನು ಬರೆದೆ, ಓದು’ ಅಂತ ಒಬ್ಬರೂ ಕೇಳಿದ್ದಿಲ್ಲ. ಕೇಳಿದರೆ ಬರೆದವಳ ಮೇಲೆ ನಂಬಿಕೆಯಿಲ್ಲ ಅಂತಾಗುತ್ತದೆ. ನಮ್ಮ ಕಡೆ ಅದು ಮರ್ಯಾದೆಯ ವಿಷಯ. ನಾನೂ ಓದಿ ಹೇಳುತ್ತಿರಲಿಲ್ಲ. ಕೇಳದೆ ಓದಿದರೆ ‘ನಿಮಗೆ ಓದು ಬಾರದು’ ಅಂತ ಎತ್ತಿ ಆಡಿದ ಹಾಗೆ. ಹೀಗೆ ಎರಡು ಕಡೆಯವರೂ ಮರ್ಯಾದೆ ಕಾಪಾಡಿಕೊಂಡು ವರ್ಷಗಟ್ಟಲೆ ಕಾಗದ ಕಳಿಸಿದೆವು.

ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸ ಸಿಕ್ಕಿದಾಗ ಊರಿನ ಅರಳಿಕಟ್ಟೆಯಲ್ಲಿ ಒಬ್ಬರು ಅಪ್ಪನನ್ನು ಕೆಣಕಿದರು.

‘ಅಲ್ಲ ಕಣ್ಲಾ, ಬಿಎಸ್ಸಿ ಓದ್ಸಿ ಮಗ್ಳುನ್ನ ಕಾಡ್ ಕಾಯಕ್ ಕಳುಸ್ತೀಯಲ್ಲ. ದನ ಕಾಯಕ್ಕಾದ್ರೆ ಓದೋದೂ ಬ್ಯಾಡಾಗಿತ್ತು.’

‘ದನ ನಂದು. ಕಾಡು ಗೌರ್ಮೆಂಟ್ದು. ಸಂಬ್ಳ ಕೊಡೋರು ಬ್ಯಾರೆ ಕಣ, ಸುಮ್ಕಿರು’ ಅಂದ ಅಪ್ಪ.

ನನಗೆ ಸಿಕ್ಕಿದ ಗಸ್ತು ಒಂದು ರಾಷ್ಟ್ರೀಯ ಉದ್ಯಾನದ ಅಂಚಿನದು. ಅರಕಲಗೂಡು ದಾಟಿ, ಕಾವೇರಿ ದಾಟಿ, ಇನ್ನೊಂದು ಬಸ್ಸು ಬದಲಿಸಿ ಹೋಗಬೇಕು. ಉದ್ಯಾನವೆಂದರೆ ಹೊರಗಿನವರಿಗೆ ಹುಲಿ, ಆನೆ, ಸಫಾರಿ ಜೀಪು. ಒಳಗಿರುವವರಿಗೆ ಅದು ಲಂಟಾನ ಕೀಳುವ, ಕೆರೆಯ ಹೂಳು ನೋಡುವ, ಉರುಳು ಹುಡುಕುತ್ತ ನಡೆಯುವ ಕೆಲಸ. ಮತ್ತು ಬೆಂಕಿ. ವರ್ಷದಲ್ಲಿ ಐದು ತಿಂಗಳು ನಾವು ಬೆಂಕಿಯನ್ನೇ ಕಾಯುತ್ತೇವೆ.

ಬೆಂಕಿ ರೇಖೆಯ ವಿಷಯ ಇಲ್ಲಿ ಹೇಳಿಬಿಡಬೇಕು. ಮಳೆಗಾಲ ಕಳೆದ ಮೇಲೆ ಕಾಡಿನ ನಡುವೆ ಉದ್ದಕ್ಕೂ ಒಂದು ಪಟ್ಟಿಯಷ್ಟು ಹುಲ್ಲು, ಪೊದೆ ಕೊಯ್ದು ಒಣಗಲು ಬಿಡುತ್ತೇವೆ. ಜನವರಿಯ ಹೊತ್ತಿಗೆ ಆ ಪಟ್ಟಿಯನ್ನು ನಾವೇ ಸುಡುತ್ತೇವೆ. ಬೇಸಿಗೆಯಲ್ಲಿ ಎಲ್ಲೋ ಬೆಂಕಿ ಬಿದ್ದರೆ ಈ ಬೋಳು ಪಟ್ಟಿಗೆ ಬಂದು, ಸುಡಲು ಏನೂ ಸಿಗದೆ ಆರಬೇಕು. ಕಾಡು ಉಳಿಸಲು ಕಾಡಿನೊಳಗೆ ಬೆಂಕಿ ಹಚ್ಚುವ ಕೆಲಸ ಅದು. ಆದ್ದರಿಂದ ಯಾವ ದಿನ, ಯಾವ ಹೊತ್ತಿಗೆ, ಯಾವ ಕಡೆಯಿಂದ ಹಚ್ಚಬೇಕು ಅನ್ನುವುದರಲ್ಲೇ ಎಲ್ಲ ಇದೆ.

ಅದು ಗೊತ್ತಿದ್ದವನು ಕಾಡಿನೊಳಗೆ ನಾವು ಉಳಿಯುವ ಕಾವಲು ಕ್ಯಾಂಪಿನಲ್ಲಿ ಒಬ್ಬನೇ. ಅರಕಲಗೂಡು ತಾಲ್ಲೂಕಿನವನು, ದಿನಗೂಲಿ ವಾಚರ್. ವಯಸ್ಸಿನಲ್ಲಿ ನಮ್ಮಪ್ಪನ ಜೊತೆಯವನು. ಮರ ಕಡಿಯುವ ಕೂಪಿನ ಕಾಲದಲ್ಲಿ ಕೂಲಿಗೆ ಬಂದವನು, ಕಡಿಯುವುದು ನಿಂತ ಮೇಲೆ ಕಾಯುವುದಕ್ಕೆ ಉಳಿದುಕೊಂಡ. ನಾನು ಅಣ್ಣ ಅನ್ನುತ್ತಿದ್ದೆ. ಅವನು ಸಾಹೇಬರ ಮುಂದೆ ಮೇಡಮ್ನೋರು ಅನ್ನುತ್ತಿದ್ದ, ಕಾಡಿನಲ್ಲಿ ಅವ್ವ. ಬೆಂಕಿ ಹಚ್ಚುವ ದಿನ ಬೆಳಿಗ್ಗೆ ಎದ್ದವನೇ ಬರಿಗಾಲಲ್ಲಿ ಹುಲ್ಲಿನೊಳಗೆ ನಾಲ್ಕು ಹೆಜ್ಜೆ ನಡೆದು ಬರುತ್ತಿದ್ದ. ಪಾದ ಒದ್ದೆಯಾದರೆ ಸರಿ. ಆಮೇಲೆ ಒಣಗಿದ ಎಲೆಯೊಂದನ್ನು ಮುಷ್ಟಿಯಲ್ಲಿ ಹಿಸುಕಿ ಕಿವಿಯ ಹತ್ತಿರ ಹಿಡಿಯುತ್ತಿದ್ದ. ನಾನು ಸಸ್ಯಶಾಸ್ತ್ರ ಓದಿದವಳು, ಆ ಎಲೆಯ ಲ್ಯಾಟಿನ್ ಹೆಸರು ನನಗೆ ಗೊತ್ತಿತ್ತು. ಅದು ಏನು ಹೇಳುತ್ತಿದೆ ಅಂತ ಗೊತ್ತಿರಲಿಲ್ಲ.

ಕ್ಯಾಂಪಿನ ಎದುರಿಗೆ ಒಂದು ಇಳಿಜಾರಿತ್ತು. ಹಳೆಯ ಬಿದಿರೆಲ್ಲ ಹೂ ಬಿಟ್ಟು ಸತ್ತ ಮೇಲೆ ಬೀಜದಿಂದ ಎದ್ದ ಎಳೆ ಬಿದಿರು ಅಲ್ಲಿ ಬೆಳೆಯುತ್ತಿತ್ತು. ಲಂಟಾನ ಅದನ್ನು ಮುಚ್ಚಿಹಾಕದಂತೆ ವರ್ಷವೂ ಕಿತ್ತವನು ಅವನು. ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಒಬ್ಬನೇ ಹೋಗಿ ಕೀಳುತ್ತಿದ್ದ.

‘ಇದು ಮೆಳೆ ಕಟ್ಟಿ ಆನೆ ಮೇಯಂಗಾಗೋದು ಯಾವಾಗಣ್ಣ?’ ಅಂತ ಒಮ್ಮೆ ಕೇಳಿದ್ದೆ.

‘ನಾನ್ ಸತ್ ಮ್ಯಾಲೆ ಕಣವ್ವ. ನಿಮ್ ಮಕ್ಳು ನೋಡ್ತವೆ.’

‘ನನಗಿನ್ನೂ ಮದುವೇನೆ ಆಗಿಲ್ಲವಲ್ಲ.’

‘ಬಿದ್ರು ಕಾಯ್ತದೆ. ನೀವೇನ್ ಅವಸ್ರ ಮಾಡ್ಬ್ಯಾಡಿ.’

ಮರುವರ್ಷ ನನಗೆ ಚನ್ನರಾಯಪಟ್ಟಣಕ್ಕೆ ಮದುವೆಯಾಯಿತು. ಅದಾದ ಜನವರಿಯಲ್ಲಿ ಈಗ ಹೇಳುವ ವಿಷಯ ನಡೆದದ್ದು.

ಬೆಂಕಿ ರೇಖೆ ಸುಟ್ಟು ಮುಗಿಸಿ ಫೋಟೋ ಕಳಿಸಲು ಮಾರನೆಯ ದಿನವೇ ಕೊನೆ. ನನ್ನ ಗಸ್ತಿನಲ್ಲಿ ಆ ಇಳಿಜಾರಿನ ಪಕ್ಕದ ತುಂಡೊಂದು ಬಾಕಿಯಿತ್ತು. ಬೆಂಕಿ ಹರಡದಂತೆ ತರಗೆಲೆ ಊದಿ ಸರಿಸುವ ಯಂತ್ರ ಹೊತ್ತ ಜೀಪು ಬೆಳಿಗ್ಗೆ ಬಂದಿತ್ತು, ಮಧ್ಯಾಹ್ನ ಒಂದಕ್ಕೆ ಬೇರೆ ಗಸ್ತಿಗೆ ಹೋಗಬೇಕು. ನಾನು ಕೆಲಸಕ್ಕೆ ಸೇರಿದ ಮೇಲಿನ ಪರೀಕ್ಷಾ ಅವಧಿ ಇನ್ನೂ ಮುಗಿದಿರಲಿಲ್ಲ. ಅದು ಮುಗಿಯಿತು ಎಂಬ ಆದೇಶ ಬಂದರೆ ಮಾತ್ರ ಖಾಯಂ.

ಅವನು ಹುಲ್ಲಿನಿಂದ ಬಂದು ಪಾದ ತೋರಿಸಿದ. ಒಣಗಿತ್ತು.

‘ಈವತ್ತು ಬ್ಯಾಡ ಕಣವ್ವ. ಇಬ್ನಿ ಬಿದ್ದಿಲ್ಲ. ಒತ್ತೇರ್ತಿದ್ದಂಗೆ ಕೆಳ್ಗಡೆಯಿಂದ ಗಾಳಿ ಎದ್ಬುಡ್ತದೆ.’

‘ಫೋನಲ್ಲಿ ಗಾಳಿ ಕಡಿಮೆ ತೋರಿಸ್ತಿದೆ ಅಣ್ಣ.’

‘ಫೋನು ಆಫೀಸ್ನಾಗಿರೋ ಗಾಳಿ ತೋರುಸ್ತದೇನೋ. ಸಂದ್ಯಾಕಾಲಕ್ಕೆ ಅಚ್ಚನ.’

‘ಸಂಜೆಗೆ ಜೀಪಿರಲ್ಲ. ನಾಳೆ ಫೋಟೋ ಹೋಗಲೇಬೇಕು.’

ಅವನು ಇಳಿಜಾರಿನ ಕಡೆ ನೋಡಿದ. ‘ನೀವಂದ್ರೆ ಅಚ್ತೀನಿ ಬುಡಿ’ ಅಂದ. ನಾನು ‘ಹಚ್ಚಿ’ ಅಂದೆ. ಬೆಂಕಿಪೊಟ್ಟಣ ನನ್ನ ವಶದಲ್ಲಿರುತ್ತಿತ್ತು, ನಾನೇ ತೆಗೆದು ಅವನ ಕೈಗೆ ಕೊಟ್ಟೆ.

ಮೊದಲ ಒಂದು ಗಂಟೆ ಎಲ್ಲ ಸರಿಯಿತ್ತು. ಫೋಟೋ ತೆಗೆದುಕೊಂಡೆ. ಹನ್ನೆರಡರ ಸುಮಾರಿಗೆ ಕೆಳಗಿನ ಕಡೆಯಿಂದ ಗಾಳಿ ಎದ್ದಿತು. ಉರಿಯುವ ಹುಲ್ಲಿನ ಎಳೆಗಳು ಹಾರಿ ಇಳಿಜಾರಿಗೆ ಬಿದ್ದವು. ನಾವು ಐವರು ಹಸಿ ಕೊಂಬೆ ಮುರಿದುಕೊಂಡು ಬಡಿದೆವು, ಯಂತ್ರದಿಂದ ಊದಿದೆವು, ಬೇರೆ ಗಸ್ತಿನವರು ಬಂದರು. ನಾಲ್ಕು ಗಂಟೆಯ ಹೊತ್ತಿಗೆ ಆರಿತು. ಯಾರಿಗೂ ಏನೂ ಆಗಲಿಲ್ಲ. ಇಳಿಜಾರು ಮೇಲಿನಿಂದ ಕೆಳಗಿನವರೆಗೆ ಕಪ್ಪಾಗಿತ್ತು. ಎಳೆ ಬಿದಿರಿನ ಕಡ್ಡಿಗಳು ಅಲ್ಲಲ್ಲಿ ನಿಂತಿದ್ದವು.

ಅವನು ಅದನ್ನು ನೋಡಿದ. ‘ನೀರ್ ಕುಡೀರಿ ಮದ್ಲು’ ಅಂತ ನನಗೆ ಬಾಟಲಿ ಕೊಟ್ಟ. ಕುಡಿದೆ. ಆಗ ನನಗೆ ಏನನ್ನಿಸಿತು ಅಂತ ಈಗ ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಏನೂ ಸಿಗುವುದಿಲ್ಲ. ನೀರು ಬಿಸಿಯಾಗಿತ್ತು.

ಎರಡು ದಿನ ಬಿಟ್ಟು ನನ್ನ ಮೇಲಿನ ವಲಯಾಧಿಕಾರಿಗಳು ಫೋನ್ ಮಾಡಿದರು. ‘ಹೇಳಿಕೆ ಬರೆದು ಕಳಿಸಮ್ಮ. ನಿನ್ನದೂ, ಆ ವಾಚರ್‌ದೂ. ಎರಡೂ ಒಂದಕ್ಕೊಂದು ಹೊಂದಬೇಕು, ಅಷ್ಟೆ.’ ಸುಳ್ಳು ಬರಿ ಅಂತ ಅವರು ಹೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾರೂ ಹೇಳಲಿಲ್ಲ.

ಕ್ಯಾಂಪಿನ ಮೇಜಿನ ಮುಂದೆ ಕೂತು ಮೊದಲು ನನ್ನದನ್ನು ಬರೆದೆ. ‘ಸದರಿ ದಿನ ವಾಚರ್ ಬೆಂಕಿ ಹಚ್ಚಿದ ನಂತರ ಗಾಳಿಯ ದಿಕ್ಕು ಬದಲಾಗಿ…’ ಅದರಲ್ಲಿ ಸುಳ್ಳಿಲ್ಲ. ಹಚ್ಚಿದ್ದು ಅವನೇ. ಯಾರು ಹೇಳಿದ್ದು ಅನ್ನುವುದು ಮಾತ್ರ ಇಲ್ಲ. ಆಮೇಲೆ ಅವನದನ್ನು ಬರೆದೆ. ನನ್ನದಕ್ಕೆ ಹೊಂದಬೇಕಾಗಿತ್ತಲ್ಲ. ‘ನಾನು ಸ್ವಇಚ್ಛೆಯಿಂದ ನೀಡುತ್ತಿರುವ ಹೇಳಿಕೆ ಏನೆಂದರೆ, ಸದರಿ ದಿನ ನಾನು ಗಾಳಿಯ ದಿಕ್ಕನ್ನು ಗಮನಿಸದೆ ಬೆಂಕಿ ಹಚ್ಚಿದ್ದು ನಿಜವಿರುತ್ತದೆ.’ ಅಕ್ಷರ ದುಂಡಗೆ ಬಂದಿತ್ತು. ಒಂದು ಕಡೆಯೂ ಹೊಡೆದುಹಾಕಿರಲಿಲ್ಲ.

ಅವನು ಹೊರಗೆ ಮುದ್ದೆ ತೊಳಸುತ್ತಿದ್ದ. ಕರೆದೆ. ಕೈ ಒರೆಸಿಕೊಂಡು ಬಂದ.

‘ಬರ್ದಾಯ್ತಾ? ಎಲ್ಲೊತ್ತನ?’

ತೋರಿಸಿದೆ. ಶಾಯಿಯ ಡಬ್ಬಿಗೆ ಬೆರಳು ಅದ್ದಿ, ಒತ್ತುವ ಮೊದಲು ಕೇಳಿದ, ‘ಇದ್ರಿಂದ ನಿಮ್ಗೇನೂ ತೊಂದ್ರೆ ಆಗಾಕಿಲ್ವಲ್ಲ?’

‘ಇಲ್ಲ ಅಣ್ಣ’ ಅಂದೆ.

ಒತ್ತಿ ಮುದ್ದೆಯ ಹತ್ತಿರಕ್ಕೆ ಹೋದ. ನಾನು ಫೋನಿನಲ್ಲಿ ಎರಡು ಹಾಳೆಯ ಫೋಟೋ ತೆಗೆದುಕೊಂಡು, ಹಾಳೆಗಳನ್ನು ಲಕೋಟೆಗೆ ಹಾಕಿದೆ. ಅವತ್ತು ಮುದ್ದೆಗೆ ಹುರುಳಿ ಸಾರು ಮಾಡಿದ್ದ. ಇಬ್ಬರೂ ಉಂಡೆವು.

ಹತ್ತು ದಿನದೊಳಗೆ ಅವನನ್ನು ಕೆಲಸಕ್ಕೆ ಬಳಸಿಕೊಳ್ಳಬಾರದು ಅಂತ ಕಾಗದ ಬಂತು. ಹೇಳಬೇಕಾದವಳು ನಾನೇ, ಹೇಳಿದೆ. ಯಾಕೆ ಅಂತ ಕೇಳಲಿಲ್ಲ. ‘ಕಾಡು ಸುಟ್ಟದೆ, ಯಾರ್‌ನಾದ್ರೂ ಒಬ್ರುನ್ನ ಕಳುಸ್ಬೇಕಲ್ಲ’ ಅಂದ. ಒಂದು ಟ್ರಂಕು ಆಮೇಲೆ ತಗೊಂಡುಹೋಗ್ತೀನಿ ಅಂತ ಬಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ರಸ್ತೆಯವರೆಗೆ ನಡೆದುಹೋದ.

ಏಪ್ರಿಲ್‌ನಲ್ಲಿ ನನ್ನ ಆದೇಶ ಬಂತು. ಪರೀಕ್ಷಾ ಅವಧಿ ತೃಪ್ತಿಕರವಾಗಿ ಪೂರೈಸಿದ್ದಾರೆ. ಅಪ್ಪ ಅದನ್ನು ನೆಂಟರ ಮುಂದೆ ಎರಡು ಸಲ ಓದಿಸಿದ. ಓದಿದೆ. ಅವ್ವ ಒಬ್ಬಟ್ಟು ಮಾಡಿದಳು. ಅದರ ರುಚಿ ನೆನಪಿಲ್ಲ.

ಟ್ರಂಕು ತೆಗೆದುಕೊಂಡು ಹೋಗಲು ಅವನು ಬರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಇಲಿಗಳು ಅದರ ಹಿಂದೆ ಗೂಡು ಮಾಡಿವೆ, ಎತ್ತಿ ಹೊರಗಿಡುತ್ತೇವೆ ಅಂತ ಹೊಸ ವಾಚರ್‌ಗಳು ಅಂದರು. ವಾರದ ರಜೆಯಲ್ಲಿ ನಾನೇ ಅದನ್ನು ಬಸ್ಸಿಗೆ ಹಾಕಿಕೊಂಡು ಅರಕಲಗೂಡಿಗೆ ಬಂದೆ. ಅಲ್ಲಿಂದ ಆಟೋ. ದಾರಿಯ ಎರಡು ಕಡೆಯೂ ಶುಂಠಿ, ಜೋಳ, ಹೊಗೆಸೊಪ್ಪು. ಸೊಪ್ಪು ಬೇಯಿಸುವ ಕಾಲ, ಊರಿಗೆ ಊರೇ ಆ ಘಾಟಿನಲ್ಲಿತ್ತು.

ಅವನು ಯಾರದೋ ಬ್ಯಾರನ್ ಮನೆಯ ಹತ್ತಿರ ಸಿಕ್ಕಿದ. ಬ್ಯಾರನ್ ಅಂದರೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ತೂಗುಹಾಕಿ, ಕೆಳಗೆ ಸೌದೆ ಉರಿಸಿ ಬಿಸಿಯಲ್ಲಿ ಹದ ಮಾಡುವ ಎತ್ತರದ ಮನೆ. ಅದರ ಒಲೆ ಕಾಯುವ ಕೆಲಸ ಅವನದು. ಬಿಸಿ ಹೆಚ್ಚಾದರೆ ಸೊಪ್ಪು ಕಪ್ಪಾಗುತ್ತದೆ, ಕಡಿಮೆಯಾದರೆ ಹಸಿರು ಉಳಿಯುತ್ತದೆ. ಅವನ ಹೆಂಡತಿ ಪಕ್ಕದ ಚಪ್ಪರದಲ್ಲಿ ಇನ್ನು ನಾಲ್ಕು ಹೆಂಗಸರ ಜೊತೆ ಸೊಪ್ಪು ಕಟ್ಟುತ್ತಿದ್ದಳು.

‘ಅಯ್, ಟ್ರಂಕ್ ಒತ್ಕಂಡ್ ಬಂದ್ರಾ? ಅದ್ರೊಳ್ಗೆ ಒಂದ್ ಅರ್ದೋಗಿರೋ ಕಂಬ್ಳಿ ಬುಟ್ರೆ ಏನೈತವ್ವ?’ ಅಂದ. ಹೆಂಡತಿಗೆ ನನ್ನನ್ನು ತೋರಿಸಿ, ‘ನಮ್ ಗಾರ್ಡ್ ಮೇಡಮ್ನೋರು ಕಣೆ’ ಅಂದ.

‘ಕೆಲಸ ಹೇಗಿದೆ ಅಣ್ಣ?’

‘ಅಲ್ಲಿ ಬೆಂಕಿ ಆರ್ಸು ಅಂತ ಕೂಲಿ ಕೊಡೋರು. ಇಲ್ಲಿ ಆರ್ದಂಗೆ ನೋಡ್ಕೊ ಅಂತ ಕೊಡ್ತರೆ. ಬೆಂಕಿ ಒಂದೇ, ಯಜಮಾನ್ರು ಬ್ಯಾರೆ.’

ಚಪ್ಪರದ ಹೆಂಗಸರು ನಕ್ಕರು. ಹೆಂಡತಿ ನಗಲಿಲ್ಲ. ಕೈಯ ಜಿಡ್ಡನ್ನು ಗೋಣಿಗೆ ಒರೆಸಿಕೊಂಡು ನನ್ನ ಹತ್ತಿರ ಬಂದು ಕೂತಳು.

‘ಒಂದ್ ಮಾತ್ ಕೇಳ್ತೀನಿ ಕಣವ್ವ, ಬೇಜಾರ್ ಮಾಡ್ಕಬ್ಯಾಡಿ. ಇವ್ರುನ್ ಯಾಕ್ ತಗುದ್ರು? ಊರೋರೆಲ್ಲ ಕೇಳ್ತರೆ. ಮರ ಕದ್ದ ಅಂತ ಒಬ್ಬ, ಜಿಂಕೆ ತಿಂದ ಅಂತ ಇನ್ನೊಬ್ಬ. ಇವ್ರುನ್ ಕೇಳುದ್ರೆ ನಂಗೊತ್ತಿಲ್ಲ, ಮೇಡಮ್ನೋರು ಕಾಗ್ದ ಬರ್ದವ್ರೆ ಅಂತರೆ. ಏನಂತ ಬರ್ದಿದ್ರಿ?’

‘ಏ, ಸುಮ್ಕಿರೆ’ ಅಂದ ಅವನು. ‘ಅವ್ರುನ್ನ ಅಂಗೆಲ್ಲ ಕೇಳ್ತರಾ?’

‘ಕೇಳುದ್ರೆ ತಪ್ಪೇನು? ಬರ್ದಿರೋದ್ನ ಓದ್ಬೋದು ತಾನೆ?’

ನನ್ನ ಜೀವಮಾನದಲ್ಲಿ ನಾನು ಬರೆದ ಕಾಗದವನ್ನು ಓದು ಅಂತ ಕೇಳಿದವಳು ಅವಳೊಬ್ಬಳೇ. ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಾಗಿತ್ತು. ಫೋನ್ ತೆಗೆದು ಆ ಫೋಟೋ ಹುಡುಕಿದೆ. ಓದಿದೆ, ಸ್ವಇಚ್ಛೆಯಿಂದ ಅನ್ನುವುದರಿಂದ ನಿಜವಿರುತ್ತದೆ ಅನ್ನುವವರೆಗೆ.

ಅವಳು ಗಂಡನ ಮುಖ ನೋಡಿದಳು. ‘ಇವ್ರು ಇಂಗ್ ಮಾತಾಡಾಕಿಲ್ವಲ್ಲವ್ವ. ಸದರಿ ಅಂದ್ರೇನು?’

ನಾನು ಉತ್ತರ ಕೊಡುವ ಮೊದಲೇ ಅವನು ಕೇಳಿದ. ‘ಗಾಳಿ ನೋಡ್ನಿಲ್ಲ ಅಂತ ಬರ್ದಿದ್ದೀರ?’

‘ಹೌದು ಅಣ್ಣ.’

‘ನೋಡಿದ್ನಲ್ಲವ್ವ.’

‘ಹೌದು. ನೋಡಿದ್ರಿ. ಬೇಡ ಅಂದ್ರಿ. ಹಚ್ಚಿ ಅಂದದ್ದು ನಾನು.’

ಚಪ್ಪರದ ಹೆಂಗಸರ ಕೈ ನಿಂತಿತ್ತು. ಅವನು ಎದ್ದು ಒಲೆಯ ಬಾಯಿಗೆ ಎರಡು ಕೊರಡು ತಳ್ಳಿದ, ಗೋಡೆಯ ಕಿಂಡಿಯಲ್ಲಿ ಬಿಸಿ ತೋರಿಸುವ ಮೀಟರ್ ನೋಡಿದ. ವಾಪಸ್ ಬಂದು ಕುಕ್ಕರಗಾಲಲ್ಲಿ ಕೂತ.

‘ಕೆಲ್ಸ ಓಗ್ಲಿ. ನಮ್ಗೇನು, ಅಲ್ಲಿಲ್ದಿದ್ರೆ ಇಲ್ಲಿ. ಗಾಳಿ ನೋಡ್ದೆ ಬೆಂಕಿ ಇಟ್ಟೋನು ಅಂತ ನನ್ನೆಸ್ರು ಕುಂತದಲ್ಲ ಕಾಗ್ದದಾಗೆ. ಅದೂ ಆ ಬಿದ್ರಿಗೆ.’

ನಾನು ತಪ್ಪಾಯಿತು ಅಂದೆ. ಅವನು ತಲೆ ಆಡಿಸಿದ, ಆಯಿತು ಅನ್ನುವ ಹಾಗೂ ಇತ್ತು, ಇಲ್ಲ ಅನ್ನುವ ಹಾಗೂ ಇತ್ತು. ಹೆಂಡತಿ ಟೀ ತಂದುಕೊಟ್ಟಳು. ಕುಡಿಯುವವರೆಗೆ ಅಲ್ಲಿದ್ದೆ. ಆಟೋ ಹತ್ತಿಸಲು ಅವನು ಬರಲಿಲ್ಲ, ಒಲೆ ಬಿಟ್ಟು ಬರುವ ಹಾಗಿರಲಿಲ್ಲ.

ಇದಾದ ಮೇಲೆ ತಕ್ಷಣ ನಾನು ಏನಾದರೂ ಮಾಡಿದೆ ಅಂತ ತಿಳಿಯಬೇಡಿ. ಮೂರು ವಾರ ಏನೂ ಮಾಡಲಿಲ್ಲ. ಗಸ್ತು ತಿರುಗಿದೆ, ಉಂಡೆ, ಮಲಗಿದೆ. ಖಾಯಂ ಆದ ಕೆಲಸವನ್ನು ಕೈಯಾರೆ ಅಲ್ಲಾಡಿಸುವುದು ನಮ್ಮಂಥ ಮನೆಯಿಂದ ಬಂದವರಿಗೆ ಸುಲಭವಲ್ಲ. ಕೆಲಸ ಹೋದರೆ ಎತ್ತಿ ಹಿಡಿಯುವವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ.

ಅಕ್ಟೋಬರ್ ಮೊದಲ ವಾರ ವನ್ಯಜೀವಿ ಸಪ್ತಾಹ. ನನ್ನ ನಾದಿನಿ ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನಲ್ಲಿ ಟೀಚರು. ‘ಅತ್ತಿಗೆ, ನೀವೇ ಬಂದು ಮಾತಾಡಿ. ರಾಷ್ಟ್ರೀಯ ಉದ್ಯಾನಗಳನ್ನು ಮುಂದಿನ ಪೀಳಿಗೆಗೆ ಉಳಿಸುವುದು ಹೇಗೆ ಅಂತ ವಿಷಯ’ ಅಂದಳು. ನನ್ನ ಗಂಡ ತೆಂಗಿನಕಾಯಿ ಮಂಡಿಯಿಂದ ಸ್ಕೂಟರಿನಲ್ಲಿ ಬಂದು ಶಾಲೆಯ ಹತ್ತಿರ ಬಿಟ್ಟುಹೋದರು. ಯೂನಿಫಾರ್ಮ್ ಹಾಕಿಕೊಂಡಿದ್ದೆ. ಹೆಡ್‌ಮಾಸ್ಟರು ನನ್ನನ್ನು ಪರಿಚಯಿಸುವಾಗ ‘ಹಳ್ಳಿಯಿಂದ ಬಂದು ಸ್ವಂತ ಶ್ರಮದಿಂದ’ ಅಂತೆಲ್ಲ ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು.

ನಾನು ಕಾನೂನು ಹೇಳಿದೆ, ಗಡಿ, ಕಂದಕ, ಸೋಲಾರ್ ಬೇಲಿ ಹೇಳಿದೆ, ಕ್ಯಾಮೆರಾದಲ್ಲಿ ಹುಲಿ ಎಣಿಸುವುದನ್ನು ಹೇಳಿದೆ. ಆಮೇಲೆ ಬೆಂಕಿ ರೇಖೆಗೆ ಬಂದೆ. ಇಬ್ಬನಿ ನೋಡುವುದು, ಎಲೆ ಹಿಸುಕುವುದು, ಇಳಿಜಾರಿನಲ್ಲಿ ಗಾಳಿ ಹೊತ್ತಿಗೊಂದು ಕಡೆ ತಿರುಗುವುದು. ಇದನ್ನೆಲ್ಲ ನನ್ನದೇ ಅನ್ನುವ ಹಾಗೆ ಚೆನ್ನಾಗಿ ಹೇಳಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ‘ಮೇಡಂ, ಇದೆಲ್ಲ ಗೊತ್ತಿರೋರು ನಿಮ್ಮ ಕಾಡಲ್ಲಿ ಎಷ್ಟು ಜನ ಇದ್ದಾರೆ?’

‘ಒಬ್ಬರಿದ್ದರು’ ಅಂದೆ.

‘ಈಗ ಇಲ್ವಾ? ತೀರ್ಕೊಂಡ್ರಾ?’

‘ಇಲ್ಲ. ನಾವು ಕಳಿಸಿಬಿಟ್ಟೆವು.’

ನಾದಿನಿ ಬೇಗ ಮೈಕು ತೆಗೆದುಕೊಂಡು ವಂದನಾರ್ಪಣೆಗೆ ಹೋದಳು.

ಮಾರನೆಯ ದಿನ ಹಾಸನಕ್ಕೆ ಹೋದೆ. ಹೊಳೆನರಸೀಪುರದಲ್ಲಿ ಟೈಪ್ ಮಾಡಿಸಿದರೆ ಸಂಜೆಯೊಳಗೆ ಅಪ್ಪನಿಗೆ ಗೊತ್ತಾಗುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತು ಹೇಳುತ್ತ ಹೋದೆ, ಹುಡುಗಿ ಟೈಪ್ ಮಾಡುತ್ತ ಹೋದಳು. ಬೆಂಕಿ ಬೇಡ ಅಂದವರು ಯಾರು, ಹಚ್ಚು ಅಂದವರು ಯಾರು, ವಾಚರ್‌ನ ಹೇಳಿಕೆಯನ್ನು ಯಾರು ಬರೆದರು, ಅದನ್ನು ಅವನಿಗೆ ಓದಿ ಹೇಳಲಿಲ್ಲ ಅನ್ನುವುದು. ಅವಳು ನಡುವೆ ನಿಲ್ಲಿಸಿದಳು.

‘ಮೇಡಂ, ಈ ಕಂಪ್ಲೇಂಟು ಯಾರ ಮೇಲೆ?’

‘ನನ್ನ ಮೇಲೆ.’

‘ನಿಮ್ಮ ಮೇಲೆ ನೀವೇನಾ?’ ಮತ್ತೆ ಕೀಬೋರ್ಡಿಗೆ ಕೈ ಹಾಕಿದಳು. ‘ವಿಷಯ ಅಂತ ಇದೆಯಲ್ಲ, ಅಲ್ಲಿ ಏನು ಹಾಕಲಿ?’

‘ಹಿಂದಿನ ಹೇಳಿಕೆ ತಪ್ಪಾಗಿರುವ ಬಗ್ಗೆ.’

ಸಹಿ ಮಾಡಿ ವಲಯ ಕಚೇರಿಗೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ. ವಲಯಾಧಿಕಾರಿಗಳು ಕರೆಸಿದರು. ಸಿಟ್ಟಾಗಲಿಲ್ಲ. ‘ಮುಗಿದುಹೋಗಿರೋ ಫೈಲು. ಈಗ ಯಾಕಮ್ಮ?’ ಅಂದರು. ಮುಗಿದಿಲ್ಲ ಸಾರ್ ಅಂದೆ. ಅವರು ಬಹಳ ಹೊತ್ತು ಕಾಗದ ತಿರುವಿಹಾಕಿದರು. ‘ನಿನ್ನ ಸರ್ವಿಸ್ ಪುಸ್ತಕದಲ್ಲಿ ಇದು ನಿನ್ನ ಕೊನೇವರೆಗೂ ಇರುತ್ತೆ, ಗೊತ್ತಲ್ಲ?’ ಗೊತ್ತು ಅಂದೆ.

ಕಾರಣ ಕೇಳಿ ನೋಟಿಸ್ ಬಂತು. ಉತ್ತರ ಕೊಟ್ಟೆ. ಒಂದು ವರ್ಷದ ವೇತನ ಬಡ್ತಿ ತಡೆಹಿಡಿದರು. ವಾಗ್ದಂಡನೆ ಅಂತ ಒಂದು ಸಾಲು ಬರೆದರು. ಇಷ್ಟೇ. ಕೆಲಸ ಹೋಗಲಿಲ್ಲ. ಹೋಗುತ್ತದೆ ಅಂತ ಎಂಟು ತಿಂಗಳು ಹೆದರಿದ್ದೆನಲ್ಲ, ಅಷ್ಟು ದೊಡ್ಡದೇನೂ ಅಲ್ಲ ಅದು. ಅವನ ಕೆಲಸ ಹೋಗಲು ಒಂದು ಹೆಬ್ಬೆಟ್ಟು ಸಾಕಾಗಿತ್ತು, ನನ್ನದಕ್ಕೆ ನೋಟಿಸು, ಉತ್ತರ, ವಿಚಾರಣೆ ಎಲ್ಲ ಬೇಕಾಯಿತು. ಓದಿದ್ದರ ಫಲ ಇದೂ ಒಂದು.

ಅಪ್ಪನಿಗೆ ಹೇಳಿದಾಗ ಅವನು ದನಕ್ಕೆ ನೀರಿಡುತ್ತಿದ್ದ. ‘ಸಹಿ ಮಾಡಕ್ ಬತ್ತದಲ್ಲ ಅಂತ ಎಲ್ಲಕ್ಕೂ ಮಾಡಾದಾ?’ ಅಂತ ಒಂದು ಮಾತು ಅಂದ. ಆಮೇಲೆ, ‘ಆ ಮನ್ಸ ಈಗೇನ್ ಮಾಡ್ತಾನೆ?’ ಅಂತ ಕೇಳಿದ. ಹೇಳಿದೆ. ಬಕೆಟ್ಟು ಎತ್ತಿಕೊಂಡು ಇನ್ನೊಂದು ದನದ ಹತ್ತಿರ ಹೋದ.

ಡಿಸೆಂಬರಿನಲ್ಲಿ ವಲಯಾಧಿಕಾರಿಗಳು, ಬೇಸಿಗೆಯ ಬೆಂಕಿ ಕಾವಲಿಗೆ ಅವನನ್ನು ಬೇಕಾದರೆ ಮತ್ತೆ ಕರೆದುಕೋ ಅಂದರು. ಆ ದಿನವೇ ಫೋನ್ ಮಾಡಿದೆ. ಶುಂಠಿ ಕೀಳುವ ಹೊಲದಲ್ಲಿದ್ದ, ಹಿಂದೆ ಜನರ ಮಾತು ಕೇಳುತ್ತಿತ್ತು.

‘ಕಾಗ್ದ ಬಂದದಾ?’ ಅಂದ.

‘ಬಾಯಿಮಾತಲ್ಲಿ ಹೇಳಿದ್ದಾರೆ ಅಣ್ಣ.’

‘ಕಳ್ಸುವಾಗ ಕಾಗ್ದ ಬಂದಿತ್ತಲ್ಲವ್ವ. ಗಾಳಿ ನೋಡ್ದೆ ಅಚ್ದ ಅಂತ ಬರ್ದಿದ್ದು ಸುಳ್ಳು, ಬಾ ಅಂತ ಒಂದ್ ಕಾಗ್ದ ಬರ್ಲಿ, ಬತ್ತೀನಿ. ನಮ್ಮೂರ್ನಾಗೆ ಯಾರ್ ಕೈಲಾದ್ರೂ ಓದುಸ್ಕೊತೀನಿ. ಇಲ್ದಿದ್ರೆ ನಂಗಿಲ್ಲೇ ಸರೋಯ್ತು.’

‘ನಾನು ಬರೆದುಕೊಟ್ಟಿದ್ದೀನಲ್ಲ ಅಣ್ಣ, ತಪ್ಪು ನನ್ನದು ಅಂತ.’

‘ನೀವ್ ಬರ್ದಿದ್ದು ನಿಮ್ ತಪ್ಪು. ನಂದು ಸರಿ ಅಂತ ಬರ್ದೋರು ಯಾರು?’

ಅಂಥ ಕಾಗದ ಕೊಡಿ ಅಂತ ಕಚೇರಿಯಲ್ಲಿ ಕೇಳಿದೆ. ದಿನಗೂಲಿಯವರಿಗೆ ಹಾಗೆ ಕಾಗದ ಕೊಡುವ ಪದ್ಧತಿಯೇ ಇಲ್ಲ ಅಂದರು. ತೆಗೆಯುವಾಗ ಕೊಟ್ಟಿದ್ದೀರಲ್ಲ ಅಂದೆ. ಅದು ಬೇರೆ ಅಂದರು. ಬರೆದು ಕೊಟ್ಟೆ. ಜನವರಿಯಲ್ಲಿ ಮತ್ತೆ ಬರೆದು ಕೊಟ್ಟೆ. ಎರಡಕ್ಕೂ ಸ್ವೀಕೃತಿಯ ಮುದ್ರೆ ಇದೆ, ಉತ್ತರವಿಲ್ಲ. ಎರಡನ್ನೂ ಕಳಿಸುವ ಮೊದಲು ಅವನ ಹೆಂಡತಿಗೆ ಫೋನಿನಲ್ಲಿ ಓದಿ ಹೇಳಿದ್ದೆ. ಅವಳು ಒಂದೊಂದು ಮಾತಿಗೂ ‘ಊ’ ಅನ್ನುತ್ತ ಕೇಳಿಸಿಕೊಂಡಳು.

ಅದೇ ಜನವರಿಯಲ್ಲಿ ಇಳಿಜಾರಿನ ಪಕ್ಕದ ತುಂಡು ಮತ್ತೆ ಬಾಕಿಯಿತ್ತು. ಬಿದಿರು ಕೆಲವು ಬುಡದಿಂದ ಚಿಗುರಿವೆ, ಕೆಲವು ಚಿಗುರಿಲ್ಲ. ಲಂಟಾನ ಮಾತ್ರ ಎಲ್ಲ ಕಡೆ ಎದ್ದಿದೆ. ಬೆಳಿಗ್ಗೆ ಬೂಟು ಬಿಚ್ಚಿ ಹುಲ್ಲಿನಲ್ಲಿ ನಡೆದೆ. ಪಾದ ಅರ್ಧ ಒದ್ದೆಯಾಯಿತು, ಅರ್ಧ ಆಗಲಿಲ್ಲ. ಅದಕ್ಕೆ ಏನರ್ಥ ಅಂತ ನನಗೆ ತಿಳಿಯಲಿಲ್ಲ. ಜೀಪಿನ ಡ್ರೈವರು ‘ಮೇಡಂ, ಹಚ್ತೀರಾ ಇಲ್ವಾ, ಒಂದಕ್ಕೆ ನಾನು ಹೋಗ್ಬೇಕು’ ಅಂದ. ಹೊಸ ವಾಚರ್‌ಗಳು ನನ್ನ ಮುಖ ನೋಡಿದರು.

‘ಇವತ್ತು ಇಲ್ಲ’ ಅಂದೆ.

ಜೀಪು ಹೊರಟುಹೋಯಿತು. ರಿಜಿಸ್ಟರಿನಲ್ಲಿ ಬರೆದೆ, ಬೆಂಕಿ ಹಚ್ಚಿಲ್ಲ, ಬೇಡವೆಂದು ಹೇಳಿದ್ದು ನಾನು. ಬರೆದದ್ದನ್ನು ನಾಲ್ವರು ವಾಚರ್‌ಗಳಿಗೂ ಓದಿ ಹೇಳಿ ಗುರುತು ಹಾಕಿಸಿದೆ. ಅವರಿಗೆ ಇದು ವಿಚಿತ್ರವಾಗಿ ಕಂಡಿತು. ಮಧ್ಯಾಹ್ನದವರೆಗೆ ನಾವೆಲ್ಲ ಅಲ್ಲೇ ಕೂತಿದ್ದೆವು. ಗಾಳಿ ಬರಲೇ ಇಲ್ಲ. ಹಚ್ಚಬಹುದಾದ ದಿನವಾಗಿತ್ತು ಅದು. ಅದನ್ನು ಹೇಳಲು ಗೊತ್ತಿದ್ದವನು ಅರಕಲಗೂಡಿನ ಹತ್ತಿರ ಶುಂಠಿ ಕೀಳುತ್ತಿದ್ದ.